ಅರವತ್ತು ಮೊಳ ಆಚೆಯ ಬುಗ್ಗೆ

ಮದುವೆಯಾದ ಎರಡನೆಯ ವಾರವೇ ಯೆಕುತಿಯೇಲ್ ತನ್ನ ಹೆಂಡತಿ ಬೈಲಾಳಿಗೆ ಒಂದು ಮಾತು ಕೊಟ್ಟಿದ್ದರು. ಗಲಿಲಾಯದ ಆ ಹಳ್ಳಿಯ ಪಡುವಣ ಇಳಿಜಾರಿನಲ್ಲಿ, ಅತ್ತಿಮರದ ಬುಡದಲ್ಲಿ, ಒಂದು ಬುಗ್ಗೆಯಿತ್ತು. ಧರ್ಮಗ್ರಂಥದ ಯೆಹೋಶುವನ ಪುಸ್ತಕದಲ್ಲಿ ನಫ್ತಾಲಿ ಕುಲದ ಗಡಿಯೆಂದು ಬರುವ ಬುಗ್ಗೆ ಇದೇ ಎಂದು ಕುರಿ ಕಾಯುವವರನ್ನು ಕೇಳಿ, ಕಲ್ಲು ಕೆದಕಿ ಅವರು ಗುರುತು ಹಿಡಿದಿದ್ದರು. ಮೈಯೆಲ್ಲ ಧೂಳು ಮಾಡಿಕೊಂಡು ಮನೆಗೆ ಬಂದವರು, "ಒಂದು ಸಬ್ಬತ್ ಮಧ್ಯಾಹ್ನ ನಿನ್ನ ಅಲ್ಲಿಗೆ ಕರ್ಕೊಂಡ್ ಹೋಗ್ತೀನಿ, ಬೈಲಾ. ಇಬ್ರೂ ಕಾಲು ಇಳಿಬಿಟ್ಟು ಕೂತ್ಕೊಳ್ಳೋಣ" ಎಂದಿದ್ದರು.

ಆಮೇಲೆ ಹಗ್ಗ ಹಿಡಿದು ಅಳತೆ ಮಾಡಿದರು. ಅದೇ ಎಡವಟ್ಟಾಯಿತು.

ಸಬ್ಬತ್ ದಿನ, ಅಂದರೆ ಯೆಹೂದಿಗಳ ಶನಿವಾರದ ವಿಶ್ರಾಂತಿಯ ದಿನ, ಊರಿನ ಕೊನೆಯ ಮನೆಯಿಂದ ಎರಡು ಸಾವಿರ ಮೊಳ ದಾಟಿ ನಡೆಯುವಂತಿಲ್ಲ. ಬುಗ್ಗೆ ಇದ್ದದ್ದು ಎರಡು ಸಾವಿರದ ಅರವತ್ತಕ್ಕೆ. ಮೂರು ಸಲ ಅಳೆದರು. ಅರವತ್ತು ಅರವತ್ತಾಗಿಯೇ ಉಳಿಯಿತು. ಅಲ್ಲಿಯವರೆಗೆ ಊರಿನ ಜೋಡಿಗಳೆಲ್ಲ ಸಬ್ಬತ್ ಸಂಜೆ ಸುತ್ತಾಡುತ್ತಿದ್ದುದು ಅಲ್ಲಿಗೇ. ಊರಿನ ರಬ್ಬಿಯಾಗಿ, ಧರ್ಮಗುರುವಾಗಿ, ಯೆಕುತಿಯೇಲ್ ಎರಡು ಸಾವಿರ ಮೊಳದ ಗಡಿಗೆ ಒಂದು ಕಲ್ಲು ನೆಟ್ಟರು. ಊರು ಅದಕ್ಕೆ ರಬ್ಬಿಯ ಕಲ್ಲು ಎಂದು ಹೆಸರಿಟ್ಟಿತು, ಪ್ರೀತಿಯಿಂದಲ್ಲ.

"ರಬ್ಬಿಗಳೇ, ನಿಮ್ಮ ಮೊಳಕೈ ಒಂದು ಬೆರಳು ಉದ್ದ ಇದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಪಕ್ಕದ ಮನೆಯ ದ್ವೋರಾ ನಲವತ್ತೆರಡು ವರ್ಷ ಬಿಡದೆ ಕೇಳಿದಳು.

ವಾರದ ದಿನ ಹೋಗೋಣವೆಂದು ಯೆಕುತಿಯೇಲ್ ಒಂದೆರಡು ಸಲ ಅಂದದ್ದುಂಟು. "ಕೆಲಸದ ದಿನ ಹೋದ್ರೆ ಅದು ನೀರು ತರೋದು, ಸುತ್ತಾಟ ಅಲ್ಲ" ಎಂದುಬಿಟ್ಟಿದ್ದಳು ಬೈಲಾ. ಅವರಿಗಾದರೂ ಬಿಡುವೆಲ್ಲಿತ್ತು? ಕತ್ತೆಯೇರಿ, ಗ್ರಂಥದಲ್ಲಿ ಹೆಸರಿರುವ ಹಾಳು ಬಿದ್ದ ಊರುಗಳನ್ನು ಹುಡುಕುತ್ತಾ ಹೋಗುವರು, ಗೀಚಿದ ಕಾಗದಗಳೊಂದಿಗೆ ಮರಳುವರು. ಮಕ್ಕಳು ಮಲಗಿದ ಮೇಲೆ ಬೈಲಾ ಅದನ್ನೆಲ್ಲ ದುಂಡಗೆ ಬರೆದಿಡುವಳು. ಮುನ್ನೂರು ಹಳೆಯ ಊರುಗಳು ಅವಳ ಕೈಬರಹದಲ್ಲಿದ್ದವು. ಒಂದನ್ನೂ ಅವಳು ಕಂಡಿರಲಿಲ್ಲ.

ಈ ಸಲ ಬೇಸಿಗೆ ಮುಗಿಯುವಾಗ ಸಫೇದ್ ಪಟ್ಟಣದ ವೈದ್ಯರು ಅವಳ ಮಂಡಿ ಒತ್ತಿ ನೋಡಿದರು. "ನಡೆಯೋದು ಏನಿದ್ರೂ ಮಳೆಗೆ ಮುಂಚೆ ನಡೆದುಬಿಡಿ, ಅಮ್ಮ. ಆಮೇಲೆ ಈ ಇಳಿಜಾರು ನಿಮಗಲ್ಲ" ಎಂದರು. ಕತ್ತೆಯೇರಿ ಊರಿಗೆ ಮರಳುವಾಗ ಯೆಕುತಿಯೇಲ್ ದಾರಿಯುದ್ದಕ್ಕೂ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು.

ಮರುದಿನ ಶುಕ್ರವಾರ. ಬೈಲಾ ಹಿಟ್ಟು ನಾದುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಎರಡು ರೊಟ್ಟಿ ಹೆಚ್ಚಿಗೆ ಸುಡು."

ಅದೇನೆಂದು ಅವಳಿಗೆ ಗೊತ್ತಿತ್ತು. ಗಡಿಯ ಒಳಗೊಂದು ಕಡೆ, ಶುಕ್ರವಾರ ಸೂರ್ಯ ಮುಳುಗಿ ಸಬ್ಬತ್ ಶುರುವಾಗುವ ಮೊದಲು, ಎರಡು ಊಟಕ್ಕಾಗುವಷ್ಟು ರೊಟ್ಟಿ ಇಟ್ಟು ಮಂತ್ರ ಹೇಳಿದರೆ, ಅದೇ ಆ ಸಬ್ಬತ್ತಿಗೆ ಮನೆಯಾಗುತ್ತದೆ. ಅಲ್ಲಿಂದ ಮತ್ತೆ ಎರಡು ಸಾವಿರ ಮೊಳ ನಡೆಯಬಹುದು. ಆದರೆ ಸುಮ್ಮನೆ ತಿರುಗಾಡಲು ಹಾಗೆ ಇಡುವಂತಿಲ್ಲ. ಮದುವೆಗೆ ಹೋಗುವಂಥ ಧರ್ಮಕಾರ್ಯವೊಂದಿರಬೇಕು.

"ಯಾರ ಮನೇಲಿ ಮದುವೆ ರೀ?"

"ಯಾರ ಮನೇಲೂ ಇಲ್ಲ. ಒಬ್ಬ ಹೆಂಡ್ತಿಗೆ ಮಾತು ಕೊಟ್ಟಿದ್ದಾನೆ. ಮಾತು ಉಳಿಸ್ಕೊಳ್ಳೋದೂ ಧರ್ಮಕಾರ್ಯ. ನಿನ್ನೆ ಕತ್ತೆ ಮೇಲೆ ಹೊಳೀತು."

"ಮುನ್ನೂರು ಊರು ಹುಡುಕಿದೋರಿಗೆ ಇದೊಂದು ಸಿಗೋಕೆ ನಲವತ್ತೆರಡು ವರ್ಷ ಬೇಕಾಯ್ತಾ?" ಎಂದಳು ಬೈಲಾ. ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆ ಹಿಟ್ಟು ಮೆತ್ತಿಕೊಂಡಳು.

ಮಧ್ಯಾಹ್ನ ಅವರೇ ಹೋಗಿ, ರಬ್ಬಿಯ ಕಲ್ಲಿಗೆ ತುಸು ಹಿಂದಿರುವ ಮೋಟುಗೋಡೆಯ ಸಂದಿಯಲ್ಲಿ ರೊಟ್ಟಿಗಳನ್ನು ಬಟ್ಟೆ ಸುತ್ತಿಟ್ಟು ಬಂದರು.

ಸಬ್ಬತ್ ಊಟವಾದ ಮೇಲೆ ಇಬ್ಬರೂ ಹೊರಟರು. ಹತ್ತು ಹೆಜ್ಜೆಗೊಮ್ಮೆ ಬೈಲಾ ನಿಲ್ಲುವಳು. ಅವರು ತೋಳು ಕೊಡುವರು. ದ್ವೋರಾ ಕಿಟಕಿಯಿಂದ ಕೂಗಿದಳು: "ಎತ್ತ ಸವಾರಿ, ಮದುಮಕ್ಕಳೇ?"

ಮೋಟುಗೋಡೆಯ ಬಳಿ ಬಂದಾಗ ಬಟ್ಟೆ ನೆಲದ ಮೇಲಿತ್ತು. ಬರೀ ಬಟ್ಟೆ. ಸುತ್ತ ಆಡಿನ ಗೊರಸಿನ ಗುರುತು. ರೊಟ್ಟಿಯ ಚೂರೂ ಇರಲಿಲ್ಲ.

ಬೈಲಾಳಿಗೆ ಅರ್ಥವಾಯಿತು. ಸಬ್ಬತ್ ಶುರುವಾಗುವ ಗಳಿಗೆಯಲ್ಲಿ ರೊಟ್ಟಿ ಅಲ್ಲಿರಲೇಬೇಕಿತ್ತು. ನಿನ್ನೆ ಸೂರ್ಯ ಮುಳುಗುವ ಮೊದಲೇ ಆಡು ತಿಂದಿದ್ದರೆ ಇಟ್ಟದ್ದೂ ಒಂದೇ, ಇಡದಿದ್ದರೂ ಒಂದೇ. ಕಲ್ಲಿನಿಂದ ಆಚೆ ಒಂದು ಹೆಜ್ಜೆಯೂ ಇಲ್ಲ. ಅತ್ತಿಮರದ ತುದಿ ಅಲ್ಲಿಂದಲೇ ಕಾಣುತ್ತಿತ್ತು.

"ಬನ್ನಿ, ವಾಪಸ್ ಹೋಗೋಣ" ಎಂದಳು ಮೆಲ್ಲಗೆ. "ಇಲ್ಲಿವರೆಗೆ ಬಂದ್ವಲ್ಲ, ಸಾಕು."

ಅವರು ಕದಲಲಿಲ್ಲ. ಗಡ್ಡದೊಳಗೆ ಬೆರಳಿಟ್ಟು ಬಹಳ ಹೊತ್ತು ನಿಂತರು. ಬೈಲಾ ಬರೆದಿಡುವ ಪುಸ್ತಕದಲ್ಲಿ ಯಾವುದೋ ಊರಿನ ಹೆಸರಿನ ಮುಂದೆ ಪ್ರಶ್ನೆಚಿಹ್ನೆ ಹಾಕಿಸುವ ಮೊದಲು ನಿಲ್ಲುತ್ತಿದ್ದುದು ಹೀಗೆಯೇ. ಅಂಥ ಪ್ರಶ್ನೆಚಿಹ್ನೆಗಳನ್ನು ಅವಳು ನೂರಾರು ಬರೆದಿದ್ದಳು.

"ಇಟ್ಟಿದ್ದು ನನ್ನ ಕೈ. ಅದು ಖಚಿತ," ಎಂದರು ಕೊನೆಗೆ. "ಆಡು ತಿಂದಿದ್ದು ಸಂಜೆಗೆ ಮುಂಚೆಯೋ ಆಮೇಲೋ, ಯಾರು ಕಂಡವರು? ಹೀಗೆ ಅನುಮಾನ ಬಂದಾಗ ಹಗ್ಗ ಸಡಿಲ ಬಿಡಿ ಅಂತಲೇ ನಮ್ಮ ಹಿರಿಯರು ಹೇಳಿರೋದು."

"ನನಗೋಸ್ಕರ ಅಳತೆ ತಿರುಚ್ತಿಲ್ಲ ತಾನೇ?"

"ತಿರುಚೋ ಹಾಗಿದ್ರೆ ನಲವತ್ತೆರಡು ವರ್ಷದ ಹಿಂದೆ ಅರವತ್ತು ಮೊಳ ನುಂಗಿಬಿಡ್ತಿರ್ಲಿಲ್ವೇನೇ? ನಡಿ."

ಕಲ್ಲು ದಾಟುವಾಗ ಬೈಲಾ ಅದರ ತಲೆಯನ್ನೊಮ್ಮೆ ಸವರಿದಳು. ಅಲ್ಲಿಂದ ಮುಂದಕ್ಕೆ ಅವರು ಬಾಯಲ್ಲೇ ಮೊಳ ಎಣಿಸುತ್ತಿದ್ದುದು ಅವಳಿಗೆ ಕೇಳಿಸುತ್ತಿತ್ತು. ಅರವತ್ತಕ್ಕೆ ಸರಿಯಾಗಿ ನೀರು ಬಂತು. ಅಳತೆ ತಪ್ಪಿರಲಿಲ್ಲ.

ಇಬ್ಬರೂ ಮೇಜೋಡು ಕಳಚಿ, ನೀರಿಗೆ ಕಾಲು ಇಳಿಬಿಟ್ಟು ಕೂತರು. ನೀರು ತಣ್ಣಗಿತ್ತು. ಯೆಕುತಿಯೇಲ್ ಕೊಟ್ಟ ಮಾತು ನಡೆಯಿತು.