ಪಕ್ಕದ ಬುಟ್ಟಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸೋಪಿಗೆ ಕಾಗದ ಸುತ್ತುವ ಕೆಲಸವನ್ನು ನಾನು ಒಂದು ದಿನವೂ ಮಾಡಿಲ್ಲ. ಮಾಡಿದವರ ಬಾಯಿಂದ ಕೇಳಿದ್ದನ್ನು ಬರೆಯುತ್ತಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ಅದು ನನ್ನ ತಿಳಿವಳಿಕೆಯ ಕೊರತೆ, ಅವರದ್ದಲ್ಲ. ನನಗ್ಯಾಕೆ ಬೇಕು ಅಂತ ಸುಮ್ಮನಿರೋಣ ಅಂದುಕೊಂಡಿದ್ದೆ. ಆದರೆ ಸೋಪು ದಿನಾ ಕೈಗೆ ಸಿಗುತ್ತದೆ, ಕಾಗದ ಹರಿಯುವಾಗೆಲ್ಲ ಇದು ನೆನಪಾಗುತ್ತದೆ. ಹೇಳದೆ ಇರಲು ಆಗಲಿಲ್ಲ.

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಚಿಟ್ಟೆ ಅನ್ನುತ್ತಿದ್ದರು. ನೋಡಲು ಚಿಟ್ಟೆಯ ಹಾಗೇನೂ ಇರಲಿಲ್ಲ. ಕಡ್ಡಿಯಂಥ ಹೆಂಗಸು, ಕಣ್ಣ ಕೆಳಗೆ ಕಪ್ಪು. ಆದರೆ ಅವಳ ಕೈ ನೋಡಬೇಕಿತ್ತು. ಎಡಗೈ ಸೋಪು ಎತ್ತುವಷ್ಟರಲ್ಲಿ ಬಲಗೈ ಕಾಗದ ಹಾಸಿರುತ್ತಿತ್ತು. ಆ ಕಡೆ ಈ ಕಡೆ ಮಡಿಕೆ, ತುದಿಗಳು ಒಳಕ್ಕೆ, ಅಂಟಿನ ಒಂದು ಚುಕ್ಕೆ, ಹೆಬ್ಬೆರಳಿನಿಂದ ಒಂದು ಒತ್ತು. ಮುಗಿಯಿತು, ಬುಟ್ಟಿಗೆ. ಕಾಗದ ತೆಳ್ಳಗಿನದು. ಬೆರಳಿನ ತುದಿ ನುಣ್ಣಗಿದ್ದರೆ ಹೇಳಿದ ಮಾತು ಕೇಳುತ್ತದೆ, ಒರಟಾದರೆ ಪರ್ ಅಂತ ಹರಿಯುತ್ತದೆ.

ಉದ್ದನೆಯ ಮೇಜು, ಎರಡೂ ಬದಿ ಬೆಂಚು, ತಲೆಗಿಂತ ಎತ್ತರದಲ್ಲಿ ಕಿಟಕಿ. ಗಾಳಿಯಲ್ಲೆಲ್ಲ ಸೋಪಿನ ಪುಡಿ. ಊಟದ ಡಬ್ಬಿ ತೆಗೆದರೂ ಅದೇ ವಾಸನೆ.

"ನಾವು ಸತ್ರೆ ಹೆಣಕ್ಕೆ ಸ್ನಾನ ಮಾಡ್ಸೋದೇ ಬೇಡ ಕಣ್ರೇ, ಒಂದು ಚೊಂಬು ನೀರು ಹಾಕಿದ್ರೆ ತಾನೇ ನೊರೆ ಬರುತ್ತೆ" ಅಂತ ಎದುರು ಬೆಂಚಿನ ಗುಂಡಕ್ಕ ಹೇಳಿದರೆ ಇಡೀ ಮೇಜು ನಗುತ್ತಿತ್ತು.

ಆ ಮೇಜಿನಲ್ಲಿ ಒಂದು ರೂಢಿ ಇತ್ತು. ಯಾರಿಗಾದರೂ ಜ್ವರ ಬಂದರೆ, ಯಾರದ್ದಾದರೂ ಮೈ ಭಾರವಾಗಿದ್ದರೆ, ಯಾರಾದರೂ ಅಳುತ್ತ ಬಂದಿದ್ದರೆ, ಪಕ್ಕದವರು ತಾವು ಸುತ್ತಿದ್ದನ್ನು ಮೆಲ್ಲಗೆ ಅವರ ಬುಟ್ಟಿಗೆ ಹಾಕುತ್ತಿದ್ದರು. ಅದಕ್ಕೆ ಕೈಸಾಲ ಅನ್ನುತ್ತಿದ್ದರು. ತೀರಿಸು ಅಂತ ಯಾರೂ ಕೇಳುತ್ತಿರಲಿಲ್ಲ. ಹಾಕಿದವರ ಮುಖ ನೋಡಬಾರದು, ಹಾಕಿಸಿಕೊಂಡವರು ಬಾಯಿ ಬಿಡಬಾರದು, ಅಷ್ಟೇ.

ಚಿಟ್ಟೆಯ ಎಡಗಡೆ ಕೂರುತ್ತಿದ್ದವಳು ದೊಡ್ಡಕ್ಕ. ಆ ಮೇಜಿಗೆಲ್ಲ ಹಿರಿಯಳು. ಚಿಟ್ಟೆಗೆ ಕೆಲಸ ಕಲಿಸಿದವಳೂ ಅವಳೇ. ಈಗೀಗ ಅವಳ ಕೈ ನಡುಗುತ್ತಿತ್ತು. ಮಗಳು ತೀರಿಕೊಂಡ ಮೇಲೆ ಮೊಮ್ಮಗಳನ್ನು ತಾನೇ ಸಾಕುತ್ತಿದ್ದಳು, ಕೆಲಸ ಬಿಡುವ ಹಾಗಿರಲಿಲ್ಲ. ಹಾಗಾಗಿ ಚಿಟ್ಟೆಯ ಎಡಗೈ ದಿನಾ ಸ್ವಲ್ಪ ಸ್ವಲ್ಪ ಎಡಕ್ಕೇ ಹೋಗುತ್ತಿತ್ತು.

ಸೂಪರ್‌ವೈಸರಿಗೆ ಅವರು ಇಟ್ಟ ಹೆಸರು ಗಡಿಯಾರ. ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ತನ್ನ ಮಣಿಕಟ್ಟು ನೋಡುತ್ತಿದ್ದ. ಒಂದು ಬೆಳಿಗ್ಗೆ ಆತ ಪ್ರತಿ ಬುಟ್ಟಿಗೂ ಒಂದೊಂದು ನಂಬರಿನ ಬಿಲ್ಲೆ ಕಟ್ಟಿಸಿದ.

"ಇದ್ಯಾಕೆ ಸಾರ್? ಬುಟ್ಟಿ ಎಲ್ಲಾದ್ರೂ ಓಡಿಹೋಗುತ್ತಾ?" ಅಂದಳು ಗುಂಡಕ್ಕ.

"ಯಾರು ಎಷ್ಟು ಮಾಡ್ತಾರೆ ಅಂತ ಮೇಲಿನವರು ನೋಡ್ಬೇಕಂತೆ. ನೀವು ನಿಮ್ಮ ಪಾಡಿಗೆ ಕೆಲಸ ಮಾಡಿ."

ಇದುವರೆಗೆ ಖಾಲಿ ಬುಟ್ಟಿ ಕಂಡರೆ ಬೈಯುತ್ತಿದ್ದರು ಅಷ್ಟೇ, ಲೆಕ್ಕ ಮಾತ್ರ ಇಡೀ ಮೇಜಿನದು ಒಟ್ಟಿಗೆ ಹೋಗುತ್ತಿತ್ತು. ಬಿಲ್ಲೆ ನೋಡಿದ್ದೇ ದೊಡ್ಡಕ್ಕನ ಮುಖ ಬಿಳಿಚಿಕೊಂಡಿತು. ಚಿಟ್ಟೆ ಅದನ್ನು ನೋಡಿದಳು. ಆ ವಾರ ಅವಳು ತನ್ನ ಬುಟ್ಟಿಗಿಂತ ಪಕ್ಕದ ಬುಟ್ಟಿಗೇ ಹೆಚ್ಚು ಹಾಕಿದಳು. ಪಾಪ, ಮುದುಕಿ ಸಿಕ್ಕಿಬಿದ್ದರೆ ಕಷ್ಟ. ನನಗೇನು? ನನ್ನ ಕೈ ಎಂಥದ್ದು ಅಂತ ಎಲ್ಲರಿಗೂ ಗೊತ್ತಲ್ಲ, ಗಡಿಯಾರನಿಗೂ ಗೊತ್ತು. ಹೀಗೆ ಅಂದುಕೊಂಡಳು. ಅವಳ ಮೊದಲ ತಪ್ಪು ಇದು.

ವಾರ ಕಳೆದ ಮೇಲೆ ಗಡಿಯಾರ ಮೇಜಿನ ಬಳಿ ಬಂದು ನಿಂತ.

"ಚಿಟ್ಟೆ, ನಾಳೆಯಿಂದ ಬರಬೇಡ. ಮೇಜಿಗೊಬ್ಬರನ್ನ ತೆಗೀಬೇಕು ಅಂತ ಆರ್ಡರ್ ಆಗಿದೆ. ನಿನ್ನ ನಂಬರೇ ಎಲ್ಲರಿಗಿಂತ ಕೆಳಗಿರೋದು."

ಅವಳು ತಮಾಷೆ ಅಂದುಕೊಂಡು ನಕ್ಕಳು. ಆಮೇಲೆ ನಗು ಹಾಗೇ ಮುಖದ ಮೇಲೆ ಉಳಿಯಿತು.

"ಸಾರ್, ನನ್ನ ಕೈ ನಿಮಗೆ ಗೊತ್ತಿಲ್ವಾ?"

"ನನಗೆ ಗೊತ್ತು. ನಂಬರಿಗೆ ಗೊತ್ತಿಲ್ಲ."

ದೊಡ್ಡಕ್ಕ ಏಳಲು ಹೋದಳು. ಚಿಟ್ಟೆ ಮೇಜಿನ ಕೆಳಗಿನಿಂದ ಅವಳ ತೊಡೆ ಹಿಡಿದು ಕೂರಿಸಿದಳು.

ಮನೆ ಅಂದರೆ ಒಂದು ಕೋಣೆ. ನೀರು ಬರುವುದು ಹೊರಗಿನ ನಲ್ಲಿಯಲ್ಲಿ. ಗಂಡ ಗೋಡೆಗೆ ಬಣ್ಣ ಹೊಡೆಯುವವನು. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಗೋಡೆಗೆ ಒರಗಿ ಕೂರುವುದೇ ಅವನ ಕೆಲಸ. ಕಣ್ಣು ಹಾಯಿಸಿದರೆ ಎದುರು ಗೋಡೆ. ಅದಕ್ಕೆ ಬಣ್ಣವಿಲ್ಲ.

"ಊರಿಗೆಲ್ಲ ಬಣ್ಣ ಹೊಡೆದೆ, ಇದೊಂದು ಬಾಕಿ ಉಳೀತು" ಅನ್ನುತ್ತಿದ್ದ. ಅವಳು ಕೆಲಸ ಹೋದ ಸುದ್ದಿ ಹೇಳಿದ ದಿನ ಮಾತ್ರ ಆ ಗೋಡೆಯಿಂದ ಕಣ್ಣು ತಿರುಗಿಸಿದ. ಆಮೇಲೆ ಕೇಳಿದ, "ಮಗೂಗೆ ಏನಂತ ಹೇಳೋಣ?"

"ರಜೆ ಅಂತ ಹೇಳ್ರೀ."

"ಎಷ್ಟು ದಿನ ರಜೆ?"

"ನನ್ನ ತಲೆ ತಿನ್ಬೇಡಿ."

ಮಗಳು ಶಾಲೆಯಿಂದ ಬಂದವಳು ಒಲೆ ನೋಡಿದಳು, ಅಮ್ಮನನ್ನು ನೋಡಿದಳು, ಏನೂ ಕೇಳಲಿಲ್ಲ. ಬಡವರ ಮನೆಯ ಮಕ್ಕಳಿಗೆ ಕೆಲವು ಪ್ರಶ್ನೆ ಕೇಳಬಾರದು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಮೊದಲು ಹಾಲು ನಿಂತಿತು. ಆಮೇಲೆ ಮೊಟ್ಟೆ ನಿಂತಿತು. ಗಂಡನ ಸೊಂಟಕ್ಕೆ ಹಚ್ಚುವ ಮುಲಾಮು ನಿಂತಿತು. "ನೋವೇ ಇಲ್ಲ ಕಣೇ ಈಗ" ಅಂದ ಅವನು, ಹಲ್ಲು ಕಚ್ಚಿಕೊಂಡು. ಅನ್ನ ತೆಳ್ಳಗಾಗುತ್ತ ಗಂಜಿಯಾಯಿತು. ಚಿಟ್ಟೆ ಬೇರೆ ಕಾರ್ಖಾನೆಗಳ ಬಾಗಿಲಿಗೆಲ್ಲ ಹೋಗಿ ಬಂದಳು. "ಹಿಂದಿನ ಕಡೆ ಯಾಕೆ ತೆಗೆದ್ರು?" ಅಂತ ಎಲ್ಲರೂ ಕೇಳುತ್ತಿದ್ದರು. "ನಿಧಾನ ಅಂತ" ಅನ್ನಲು ಅವಳಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಕಡೆಗೆ ಒಂದು ಲಾಡ್ಜಿನಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಅದೂ ಹೊರೆ ಬಂದ ದಿನ ಮಾತ್ರ. ಕಲೆ ಹೋಗಲು ಅಲ್ಲಿ ಸುರಿಯುತ್ತಿದ್ದ ನೀರು ಮೂಗು ಸುಡುತ್ತಿತ್ತು. ಕೈಗವಸು ಕೊಡಿ ಅಂದದ್ದಕ್ಕೆ ಲಾಡ್ಜಿನವನು, "ಒಗೆಯೋಕೆ ಬಂದಿದ್ಯೋ, ಮೆರವಣಿಗೆಗೋ?" ಅಂದ. ಬೆರಳುಗಳ ಚರ್ಮ ಸುಲಿಯಿತು. ಗಂಜಿಯ ಉಪ್ಪು ತಾಗಿದರೂ ಉರಿ.

ಕಾರ್ಖಾನೆಗೆ ರಜೆ ಇದ್ದ ದಿನಗಳಲ್ಲಿ ದೊಡ್ಡಕ್ಕ ಬರುತ್ತಿದ್ದಳು. ಸೆರಗಿನ ಮರೆಯಲ್ಲಿ ಬ್ರೆಡ್ಡೋ ಬೇಳೆಯೋ ಇರುತ್ತಿತ್ತು. ಬಂದವಳು ಬಾಗಿಲಲ್ಲೇ ನಿಲ್ಲುತ್ತಿದ್ದಳು.

"ಒಳಗೆ ಬಾ ದೊಡ್ಡಕ್ಕಾ."

"ಯಾವ ಮುಖ ಇಟ್ಕೊಂಡು ಬರ್ಲೇ? ನಿನ್ನ ಅನ್ನ ನಾನು ಉಣ್ತಾ ಇದೀನಿ. ನಾಳೆ ಹೋಗಿ ಅವನಿಗೆ ಹೇಳೇಬಿಡ್ತೀನಿ."

"ಹೇಳಿದ್ರೆ? ನಿನ್ನೂ ತೆಗೀತಾನೆ, ನನ್ನೂ ಸೇರಿಸ್ಕೊಳ್ಳಲ್ಲ. ಸುಮ್ನಿರು. ಈಗ ಬುಟ್ಟಿ ತುಂಬುತ್ತಾ?"

"ತುಂಬುತ್ತೆ. ಯಾರು ಹಾಕ್ತಾರೋ, ನಾನು ನೋಡಲ್ಲ."

ಒಂದು ದಿನ ಗಡಿಯಾರ ದಾರಿಯಲ್ಲಿ ಸಿಕ್ಕಿದ. ಅವಳ ಕೈ ನೋಡಿದ, ತನ್ನ ಮಣಿಕಟ್ಟು ನೋಡಿಕೊಂಡ.

"ನೀನು ಯಾರದೋ ಬುಟ್ಟಿ ತುಂಬಿದ್ದೀಯ. ನಿನ್ನ ಕೈ ನಂಗೊತ್ತಿಲ್ವಾ? ಯಾರದ್ದು ಅಂತ ಬಂದು ಹೇಳು. ಅವರ ಜಾಗಕ್ಕೆ ನೀನು. ನನಗೇನು, ಬೆಂಚಲ್ಲಿ ಒಬ್ರು ಕೂತಿರ್ಬೇಕು."

ಅವಳು ಮುಂದೆ ನಡೆದಳು. ಮನೆಗೆ ಬಂದು ಗಂಡನಿಗೆ ಹೇಳಿದಳು.

"ಹೇಳ್ಬೇಡ" ಅಂದ ಅವನು. ಗೋಡೆಗೆ ಮತ್ತೆ ಒರಗಿ, "ಹೇಳು ಅಂತ ನಾನು ಹೇಳಲ್ಲ" ಅಂದ. ಅವು ಎರಡೂ ಒಂದೇ ಮಾತಲ್ಲ ಅಂತ ಇಬ್ಬರಿಗೂ ಗೊತ್ತಾಯಿತು.

ಆಮೇಲೆ ಆ ಸಂಜೆ ಬಂತು. ಒಗೆತ ಬೇಗ ಮುಗಿದು ಚಿಟ್ಟೆ ಮನೆಗೆ ಬರುತ್ತಿದ್ದಳು. ವಠಾರದ ತುದಿಮನೆಯಲ್ಲಿ ಊಟಕ್ಕೆ ಕೂತಿದ್ದರು, ಬಾಗಿಲು ತೆಗೆದಿತ್ತು. ಹೊಸ್ತಿಲ ಪಕ್ಕದಲ್ಲಿ ಅವಳ ಮಗಳು ಕಲ್ಲಾಡುತ್ತ ಕೂತಿದ್ದಳು. ಜೊತೆಗೆ ಯಾರೂ ಇಲ್ಲ. ಕಲ್ಲು ಮೇಲೆ ಎಸೆಯುತ್ತಾಳೆ, ಹಿಡಿಯುವುದಿಲ್ಲ. ಕಣ್ಣು ಒಳಗಿದೆ. ಒಳಗಿನ ಹೆಂಗಸು, "ಬಾ ಮಗೂ, ಒಂದು ತುತ್ತು ತಿನ್ನು" ಅಂದಳು. "ಬೇಡ ಅತ್ತೆ, ಈಗ ತಾನೇ ಉಂಡೆ" ಅಂದಳು ಹುಡುಗಿ. ಅಂದವಳು ಎದ್ದು ಹೋಗಲಿಲ್ಲ. ಎರಡನೇ ಸಲ ಕರೆಯಲಿ ಅಂತ ಕಾಯುತ್ತಿದ್ದಳು.

ಚಿಟ್ಟೆ ಗೋಡೆಯ ಮರೆಗೆ ಸರಿದು ನಿಂತಳು. ಎರಡನೇ ಸಲ ಕರೆದರು. ಮಗಳು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಅವಳು ಕಾರ್ಖಾನೆಗೆ ಹೋದಳು. ಗಡಿಯಾರ ಅವಳನ್ನು ತನ್ನ ಕೋಣೆಗೆ ಕರೆಯಲಿಲ್ಲ. ನೇರ ಮೇಜಿನ ಬಳಿಗೇ ಕರೆದುಕೊಂಡು ಹೋದ. ಎಲ್ಲರ ಕೈಗಳೂ ನಿಂತವು.

"ಯಾರದ್ದು?"

"ಸಾರ್, ಇಲ್ಲಿ ಬೇಡ."

"ಇಲ್ಲೇ ಹೇಳು. ಟೈಮಿಲ್ಲ ನಂಗೆ."

ಕಣ್ಣ ಮುಂದೆ ಹೊಸ್ತಿಲು, ಕಲ್ಲು, ಹಿಡಿಯದ ಕೈ. "ನನ್ನ ಎಡಗಡೆ ಕೂರೋರದ್ದು" ಅಂದಳು. ಎಷ್ಟು ಮೆಲ್ಲಗೆ ಅಂದಳೆಂದರೆ ಅವನು ಇನ್ನೊಂದು ಸಲ ಹೇಳಿಸಿದ.

"ಅದು ನಂಗೆ ಮೊದಲೇ ಗೊತ್ತಿತ್ತು" ಅಂದ ಗಡಿಯಾರ. "ನಿನ್ನ ಬಾಯಿಂದ ಬರ್ಲಿ ಅಂತಿದ್ದೆ. ಇನ್ನು ಈ ಮೇಜಲ್ಲಿ ಯಾರು ಯಾರ ಬುಟ್ಟಿಗೆ ಹಾಕ್ತೀರೋ ಹಾಕಿ, ನೋಡೋಣ."

ಅವನಿಗೆ ಬೇಕಾಗಿದ್ದದ್ದು ಹೆಸರಲ್ಲ. ಒಬ್ಬಳ ಮಾತಿನಿಂದಲೇ ಇನ್ನೊಬ್ಬಳ ಅನ್ನ ಕಿತ್ತುಕೊಳ್ಳುವುದು, ಅದನ್ನು ಉಳಿದವರೆಲ್ಲ ಕೂತು ನೋಡುವುದು. ಇದು ಚಿಟ್ಟೆಗೆ ಅರ್ಥವಾದದ್ದು ಮಾತು ಬಾಯಿ ದಾಟಿದ ಮೇಲೆ.

ದೊಡ್ಡಕ್ಕ ಎದ್ದಳು. ಸೆರಗಿನ ಪುಡಿ ಕೊಡವಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. ಚಿಟ್ಟೆಯ ಎದುರು ಬಂದಾಗ ಅವಳ ಕೈಗಳನ್ನು ಮಗುಚಿ ನೋಡಿದಳು.

"ಅಯ್ಯೋ, ಬೆರಳು ಏನಾಯ್ತೇ? ಕೊಬ್ಬರಿ ಎಣ್ಣೆ ಹಚ್ಚು." ಆಮೇಲೆ, "ಮಗು ಉಣ್ಲಿ" ಅಂದಳು. ಹೋದಳು.

ಚಿಟ್ಟೆ ತನ್ನ ಹಳೆಯ ಜಾಗದಲ್ಲಿ ಕೂತಳು. ಎಡಗಡೆ ಖಾಲಿ. ಯಾರೂ ಅವಳ ಜೊತೆ ಮಾತಾಡಲಿಲ್ಲ. ಊಟದ ಹೊತ್ತಿಗೆ ಗುಂಡಕ್ಕ ತನ್ನ ಡಬ್ಬಿ ಎತ್ತಿಕೊಂಡು ಮೇಜಿನ ಆ ತುದಿಗೆ ಹೋದಳು. ಅವತ್ತು ಯಾರೂ ತಮಾಷೆ ಮಾಡಲಿಲ್ಲ.

ಕೈಗೆ ಹಳೆಯ ವೇಗ ಬರಲಿಲ್ಲ. ಸುಲಿದ ಬೆರಳಿಗೆ ಕಾಗದ ಸಿಕ್ಕಿ ಹರಿಯುತ್ತಿತ್ತು. ಹರಿಯದಿದ್ದದ್ದಕ್ಕೆ ರಕ್ತದ ಗುರುತು. ಅದನ್ನು ಬಿಚ್ಚಿ ಬೇರೆ ಕಾಗದ ಸುತ್ತಬೇಕು. ಮಧ್ಯಾಹ್ನ ಕಳೆದರೂ ಬುಟ್ಟಿಯ ತಳ ಕಾಣುತ್ತಿತ್ತು. ಸಂಜೆಗೆ ಗಡಿಯಾರ ಬರುತ್ತಾನೆ, ನಂಬರು ನೋಡುತ್ತಾನೆ, ಮತ್ತೆ ಅದೇ ಮಾತು. ಇಷ್ಟು ಮಾಡಿಯೂ ಕೆಲಸ ಉಳಿಯುವುದಿಲ್ಲ. ಕಣ್ಣು ಮಂಜಾಯಿತು. ಅವಳು ಎದ್ದು ನಲ್ಲಿಗೆ ಹೋದಳು, ಉರಿಯುವ ಬೆರಳುಗಳನ್ನು ನೀರಿನ ಕೆಳಗೆ ಹಿಡಿದು ಬಹಳ ಹೊತ್ತು ನಿಂತಳು.

ವಾಪಸು ಬಂದಾಗ ಅವಳ ಬುಟ್ಟಿ ತುಂಬಿತ್ತು.

ನೀಟಾಗಿ ಸುತ್ತಿದ ಸೋಪುಗಳು, ಅಂಚಿನ ತನಕ. ಅವಳು ತಲೆ ಎತ್ತಿ ಒಬ್ಬೊಬ್ಬರನ್ನೇ ನೋಡಿದಳು. ಎಲ್ಲರ ಕಣ್ಣೂ ಕಾಗದದ ಮೇಲೆ. ಗುಂಡಕ್ಕನ ಕಣ್ಣೂ.

ಅಷ್ಟರಲ್ಲಿ ಗಡಿಯಾರ ಬಂದ. ಬುಟ್ಟಿ ನೋಡಿದ, ಅವಳ ಕೈ ನೋಡಿದ, ಕಾಲ ಬಳಿ ಬಿದ್ದ ರಕ್ತದ ಕಾಗದದ ಉಂಡೆಗಳನ್ನು ನೋಡಿದ.

"ಇದು ನೀನು ಮಾಡಿದ್ದಾ?"

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳ ಬಾಯಿಂದ ಬಂದದ್ದು ಬೇರೆ.

"ಅಲ್ಲ ಸಾರ್."

"ಮತ್ತೆ ಯಾರದ್ದು?"

ಬೆಳಿಗ್ಗೆ ಕೇಳಿದ ಪ್ರಶ್ನೆಯೇ. ಚಿಟ್ಟೆ ಬುಟ್ಟಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ತಲೆ ಬಗ್ಗಿಸಲಿಲ್ಲ.

"ನಮ್ಮ ಮೇಜಿಂದು ಸಾರ್."

"ಹೆಸರು ಹೇಳು."

"ಹೇಳಲ್ಲ ಸಾರ್. ಒಂದ್ಸಲ ಹೇಳಿದ್ದೇ ಸಾಕು."

ಗಡಿಯಾರ ಇಡೀ ಮೇಜನ್ನು ನೋಡಿದ. ಯಾರೂ ತಲೆ ಎತ್ತಲಿಲ್ಲ, ಯಾರ ಕೈಯೂ ನಿಲ್ಲಲಿಲ್ಲ. ಕಾಗದದ ಸದ್ದು ಮಾತ್ರ ಕೇಳುತ್ತಿತ್ತು. "ನಾಳೆ ನೋಡ್ಕೋತೀನಿ ನಿಮ್ಮನ್ನ" ಅಂದು ಹೊರಟುಹೋದ.

ಸಂಜೆ ಅವಳು ಮನೆಗೆ ಹೋಗದೆ ದೊಡ್ಡಕ್ಕನ ಕೋಣೆಗೆ ಓಡಿದಳು. ಬಾಗಿಲಿಗೆ ಬೀಗ. "ಮಧ್ಯಾಹ್ನವೇ ಮೊಮ್ಮಗಳ ಕೈ ಹಿಡ್ಕೊಂಡು ಹೋದ್ರಮ್ಮ. ಎಲ್ಲಿಗೆ ಅಂದೆ, ಹೇಳಲಿಲ್ಲ" ಅಂದರು ಪಕ್ಕದವರು.

ನನಗೆ ತಿಳಿದದ್ದು ಇಷ್ಟೇ. ಆ ಬುಟ್ಟಿಯನ್ನು ತುಂಬಿದವರು ಯಾರು ಅಂತ ನಾನೂ ಕೇಳಿದೆ, ಯಾರೂ ಹೇಳಲಿಲ್ಲ. ಅವರು ಅವಳನ್ನು ಕ್ಷಮಿಸಿದ್ದರೋ, ಅಥವಾ ಆ ಕೈಗಳಿಗೆ ಬೇರೆ ರೀತಿ ಗೊತ್ತೇ ಇರಲಿಲ್ಲವೋ, ಅದೂ ನನಗೆ ಗೊತ್ತಿಲ್ಲ. ದೊಡ್ಡಕ್ಕ ಎಲ್ಲಿದ್ದಾಳೆ ಅನ್ನುವುದು ಚಿಟ್ಟೆಗೂ ಇವತ್ತಿನವರೆಗೆ ಗೊತ್ತಾಗಿಲ್ಲ.