ಬದನೆಗೆ ಕಟ್ಟಿದ ಪುಣಿ

ಮೋಕ್ಷಿತನಿಗೆ ಸಿಟ್ಟು ಮೊದಲು ಬರುತ್ತಿತ್ತು, ಕಾರಣ ಆಮೇಲೆ. ಮಾಸ್ಟ್ರ ಮೇಲಿನ ಸಿಟ್ಟಿಗೆ ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟ. ಯಜಮಾನನ ಮೇಲಿನ ಸಿಟ್ಟಿಗೆ ಗ್ಯಾರೇಜು ಬಿಟ್ಟ. ಟೈಲ್ಸ್ ಕೂರಿಸುವಲ್ಲಿ ಮೇಸ್ತ್ರಿ ಒಂದು ಮಾತು ಹೆಚ್ಚು ಆಡಿದನೆಂದು ಅರ್ಧ ಮುಗಿದ ಬಚ್ಚಲಿನಿಂದ ಎದ್ದೇ ಬಂದ. ಯಾರ ಕೈಕೆಳಗೂ ಇರಬೇಕಾಗಿಲ್ಲದ ಕೆಲಸವೆಂದರೆ ಮಣ್ಣಿನದ್ದೇ ಎಂದು ಅವನಿಗೆ ಹೊಳೆದದ್ದು ಕಳೆದ ಬೇಸಿಗೆಯಲ್ಲಿ. ಆದರೆ ಮಣ್ಣೆಲ್ಲಿ? ಅಜ್ಜ ಬೋಜ ಗೇಣಿಗೆ ಮಾಡುತ್ತಿದ್ದ ಗದ್ದೆಯ ಮೇಲೆ ಈಗ ಫ್ಲ್ಯಾಟುಗಳು ಎದ್ದಿದ್ದವು.

ಪಡೀಲಿನಲ್ಲಿ ಅವರ ಬಾಡಿಗೆ ಮನೆಯ ಹಿಂದೆ, ಗಲ್ಲಿ ದಾಟಿದರೆ, ಆರ್ಥರ್ ಪೊರ್ಬುಗಳ ಒಂದು ತಗ್ಗಿನ ಜಾಗ ಪಾಳು ಬಿದ್ದಿತ್ತು. ಆ ಕಡೆ ಕ್ರೈಸ್ತ ಗಂಡಸರನ್ನು ಗೌರವದಿಂದ ಪೊರ್ಬು ಎಂದೂ ಹೆಂಗಸರನ್ನು ಬಾಯಿ ಎಂದೂ ಕರೆಯುವುದು. ಆರ್ಥರ್ ಸುರತ್ಕಲ್ಲಿನ ಕಂಪೆನಿಯೊಂದರಲ್ಲಿ ದುಡಿದು ನಿವೃತ್ತರಾದವರು. ಆ ತಗ್ಗಿಗೆ ಮಣ್ಣು ತುಂಬಿಸಿ, ಕಾರು ನಿಲ್ಲಿಸಲು ಬಾಡಿಗೆಗೆ ಕೊಡುವುದು ಅವರ ಆಲೋಚನೆ. ಅವರ ಹೆಂಡತಿ ಬೆನಿಟಾ ಬಾಯಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಅತ್ತೆ ಬದುಕಿದ್ದಾಗ ಮೊಂತಿ ಹಬ್ಬದ ತರಕಾರಿಯೆಲ್ಲ ಅಲ್ಲಿಂದಲೇ ಬರುತ್ತಿತ್ತಂತೆ. ಗಂಡ ಹೆಂಡತಿಯ ಈ ಜಗಳದ ನಡುವೆ ಮೋಕ್ಷಿತ್ ಹೋಗಿ ಜಾಗ ಕೇಳಿದ.

"ನೋಡು, ಒಂದು ಮಳೆಗಾಲ ಕೊಡ್ತೇನೆ," ಎಂದರು ಆರ್ಥರ್. "ಮೊಂತಿ ಹಬ್ಬದ ಊಟಕ್ಕೆ ತರಕಾರಿ ಪೂರಾ ಈ ಜಾಗದಿಂದ ಬರಬೇಕು. ಬಂದ್ರೆ ಮುಂದೆಯೂ ನೀನೇ ಮಾಡು. ಬರದಿದ್ರೆ ಮಣ್ಣು ಬೀಳ್ತದೆ. ಆಮೇಲೆ ನನ್ನ ಹತ್ರ ಬಂದು ಬೊಬ್ಬೆ ಹಾಕ್ಬಾರ್ದು."

"ನಾನು ಯಾವಾಗ ಬೊಬ್ಬೆ ಹಾಕಿದ್ದು?" ಎಂದು ಮೋಕ್ಷಿತ್ ಬೊಬ್ಬೆ ಹಾಕಿದ.

ಮೊಂತಿ ಹಬ್ಬವೆಂದರೆ ಮೇರಿ ಮಾತೆ ಹುಟ್ಟಿದ ದಿನವೆಂದು ಸೆಪ್ಟೆಂಬರಿನಲ್ಲಿ ಬರುವ ಹಬ್ಬ. ಇಗರ್ಜಿಯಿಂದ ಹೊಸ ತೆನೆ ತಂದು, ಆ ದಿನ ಮೀನು ಮಾಂಸ ಮುಟ್ಟದೆ, ಬಾಳೆಲೆಯಲ್ಲಿ ತರಕಾರಿಯ ಊಟ. ತರಕಾರಿಗಳು ಬೆಸವಾಗಿಯೇ ಇರಬೇಕು, ಸಮ ಸಲ್ಲದು. ಬೆನಿಟಾ ಬಾಯಿಯ ಮನೆಯಲ್ಲಿ ಐದಕ್ಕಿಂತ ಕಡಿಮೆ ಮಾಡಿದ್ದೇ ಇಲ್ಲ.

ಐದು ತಾನೇ, ಎಂದುಕೊಂಡ ಮೋಕ್ಷಿತ್. ಪೇಟೆಗೆ ಹೋಗಿ ಮೆಣಸು, ಟೊಮೆಟೊ, ಬೆಂಡೆಯ ಪ್ಯಾಕೆಟ್ ಬೀಜ ತಂದ. ಪ್ಯಾಕೆಟಿನ ಮೇಲಿನ ಟೊಮೆಟೊ ನೋಡಿದರೆ ಕಚ್ಚಬೇಕೆನ್ನಿಸುತ್ತಿತ್ತು.

ಆ ಜಾಗಕ್ಕೆ ತಾಗಿದ ಗೋಡೆಯಾಚೆ ಖೈರುನ್ನಿಸಾ ಎಂಬ ಹೆಂಗಸಿನ ಮನೆ. ಅವಳ ಮಗ ಯಾಹ್ಯಾ ಅರಬ್ ದೇಶದ ದಮ್ಮಾಮಿನಲ್ಲಿ ಅಂಗಡಿ ಇಟ್ಟಿದ್ದ. ಮೋಕ್ಷಿತ್ ಸಸಿ ನೆಡುವುದನ್ನು ಗೋಡೆಯ ಮೇಲಿನಿಂದ ನೋಡುತ್ತಿದ್ದ ಅವಳು ಒಂದು ಬೆಳಿಗ್ಗೆ ಪೈಂಟಿನ ಹಳೇ ಡಬ್ಬಿಯೊಂದನ್ನು ಇಳಿಸಿ ಕೊಟ್ಟಳು. ಅದರ ತುಂಬ ಬದನೆ ಸಸಿಗಳು. ಜೊತೆಗೆ ಒಂದು ಕಟ್ಟು ಬಸಳೆ ಬಳ್ಳಿ. ಗಲ್ಲಿಯ ಹುಡುಗರೆಲ್ಲ ಅವಳಿಗೆ ಮೋನೇ, ಎಂದರೆ ಮಗನೇ.

"ತೆಕ್ಕೊ ಮೋನೇ. ನನ್ನ ಅಂಗಳಕ್ಕೆ ಯಾಹ್ಯಾ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದಾನೆ. ಕಾಲಿಗೆ ಕೆಸರು ಹತ್ತುವುದಿಲ್ಲ, ಒಳ್ಳೇದೇ. ಬದನೆಗೂ ಹತ್ತುವುದಿಲ್ಲ, ಅದು ಎಂತ ಮಾಡ್ಬೇಕು?"

"ಇದು ಯಾವ ಜಾತಿ ಖೈರುನ್ನಿಸಾಕ್ಕ?"

"ಜಾತಿಗೀತಿ ಗೊತ್ತಿಲ್ಲ. ನಮ್ಮ ಉಮ್ಮನ ಕೈಯದ್ದು. ನನ್ನ ತವರು ಅಡ್ಯಾರಿನ ಹೊಳೆಬದಿ. ಮಳೆಗಾಲ ಹೊಳೆ ಅಂಗಳಕ್ಕೆ ಬಂದು ಹೋಗ್ತಿತ್ತು. ಇದು ಅಲ್ಲಿಯೇ ನಿಂತಿರ್ತಿತ್ತು, ನಾಚಿಕೆ ಇಲ್ಲದ್ದು."

ಅವಳ ತಾಯಿಯ ಕಾಲದ ಆ ಸಸಿಗಳ ಮೇಲೆ ಮೋಕ್ಷಿತನಿಗೆ ಪ್ರೀತಿಯೇನೂ ಹುಟ್ಟಲಿಲ್ಲ. ಎಲೆಯ ನರದ ಮೇಲೂ ಮುಳ್ಳು. ಬೇಡವೆನ್ನಲು ಮನಸ್ಸು ಬಾರದೆ ಎಲ್ಲಕ್ಕಿಂತ ತಗ್ಗಿನ ಮೂಲೆಯಲ್ಲಿ, ಕಾಡು ಕೆಸು ತಾನಾಗಿಯೇ ಎದ್ದಿದ್ದ ಕಡೆ, ನೆಟ್ಟು ಬಿಟ್ಟ. ಬಸಳೆಯನ್ನು ಗೋಡೆಯ ಬುಡಕ್ಕೆ ಊರಿದ. ಒಳ್ಳೆಯ ಜಾಗವೆಲ್ಲ ಪ್ಯಾಕೆಟಿನವಕ್ಕೆ.

ಮಳೆ ಹಿಡಿಯಿತು. ಎರಡು ವರ್ಷದ ಹಿಂದೆ ಗಲ್ಲಿಗೆ ಕಾಂಕ್ರೀಟು ಹಾಕುವಾಗ ಅದನ್ನು ಮೊಣಕಾಲೆತ್ತರ ಏರಿಸಿದ್ದರಿಂದ ಮೇಲಿನ ನೀರೆಲ್ಲ ತಗ್ಗಿಗೇ ಇಳಿಯುತ್ತಿತ್ತು. ಮೋಕ್ಷಿತ್ ಕಾಂಕ್ರೀಟು ಹಾಕಿದವರಿಗೆ ಇಡೀ ದಿನ ಬೈದ. ಬೈದಾದ ಮೇಲೆ ಹಾರೆ ಹಿಡಿದು ಜಾಗದ ಸುತ್ತ ಪುಣಿ ಕಟ್ಟಿದ. ಗದ್ದೆಯ ಬದುವಿಗೆ ತುಳುವಿನಲ್ಲಿ ಪುಣಿ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಕಟ್ಟಿ ಅವನಿಗೆ ಅಭ್ಯಾಸವಿತ್ತು. ಕೆಸರು ಎತ್ತಿ ಬಡಿದು, ಹಿಮ್ಮಡಿಯಿಂದ ತುಳಿದು, ಅಂಗೈಯಿಂದ ಸವರಿ ನಯ ಮಾಡಿದ. ಏಡಿ ಕೊರೆದ ಬಿಲವನ್ನೂ ಬಿಡದೆ ಮುಚ್ಚಿದ. ಹೊರಗಿನ ಒಂದು ತೊಟ್ಟು ನೀರು ಒಳಗೆ ಬಾರದಂತಾಯಿತು. ಅಜ್ಜ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ ಎಂದು ಅವನಿಗೆ ಎದೆ ತುಂಬಿ ಬಂತು.

ಜುಲೈ ನಡುವಿನಲ್ಲಿ ಹಿಡಿಯುವ ಆಟಿ ತಿಂಗಳ ಮಳೆ ಮಾತ್ರ ಗಲ್ಲಿಯಿಂದ ಬರಲಿಲ್ಲ, ಆಕಾಶದಿಂದ ಬಂತು. ಬಿಡದೆ ಬಂತು. ಪುಣಿಯೊಳಗೆ ಪಾದ ಮುಳುಗುವಷ್ಟು ನೀರು ನಿಂತಿತು. ಆ ನೀರಿನಲ್ಲೇ ನಿಂತ ಮೆಣಸಿನ ಗಿಡಗಳು ಏಪ್ರಿಲ್ ಬಿಸಿಲಿಗೆ ಬಾಯಾರಿದವರ ಹಾಗೆ ಜೋತುಬಿದ್ದವು. ಮರುದಿನ ಟೊಮೆಟೊ ತಲೆ ಬಾಗಿಸಿತು. ಬೆಂಡೆಯ ಎಲೆ ಹಳದಿಗಟ್ಟಿತು.

ಮೋಕ್ಷಿತನಿಗೆ ಸಿಟ್ಟು ನೆತ್ತಿಗೇರಿತು. ಬೀಜದಂಗಡಿಯವನಿಗೆ ಬೈದ, ಮಳೆಗೆ ಬೈದ. ಬೈಯಲು ಯಾರೂ ಉಳಿಯದಾಗ ಖೈರುನ್ನಿಸಾಳ ಗೋಡೆಯಿಂದ ಹೊರಚಾಚಿದ ಪೈಪು ಕಣ್ಣಿಗೆ ಬಿತ್ತು.

"ಖೈರುನ್ನಿಸಾಕ್ಕ! ನಿಮ್ಮ ಇಂಟರ್‌ಲಾಕಿನ ನೀರು ಪೂರಾ ನನ್ನ ಗಿಡಕ್ಕೆ ಬಿಟ್ಟಿದ್ದೀರಾ? ಬದನೆ ಕೊಟ್ಟದ್ದು ಇದಕ್ಕಾ?"

ಗೋಡೆಯ ಮೇಲೆ ಮೊದಲು ಕೊಡೆ ಕಂಡಿತು, ಆಮೇಲೆ ಅವಳ ಮುಖ. ಅವಳು ಪೈಪು ನೋಡಿದಳು. ಅದರ ನೀರು ಪುಣಿಯ ಹೊರಮೈಗೆ ಬಡಿದು ಚರಂಡಿಯ ಕಡೆ ಹೋಗುತ್ತಿತ್ತು. ಪುಣಿಯೊಳಗೆ ನೋಡಿದವಳು ನಗಲಿಕ್ಕೆ ಶುರುಮಾಡಿದಳು.

"ನನ್ನ ನೀರು ಒಳಗೆ ಬಂದದ್ದು ಎಲ್ಲಿಂದ, ತೋರಿಸು. ಅಲ್ಲ ಮಾರಾಯ, ನೀನು ಮೆಣಸು ನೆಟ್ಟದ್ದಾ, ನೇಜಿ ನೆಟ್ಟದ್ದಾ?"

ನೇಜಿ ಎಂದರೆ ಭತ್ತದ ಸಸಿ. ಮೋಕ್ಷಿತನ ಕಿವಿ ಬಿಸಿಯಾಯಿತು.

"ನಮ್ಮ ಅಜ್ಜ ಹೀಗೆಯೇ ಕಟ್ಟುತ್ತಿದ್ದದ್ದು!"

"ನಿನ್ನ ಅಜ್ಜ ಭತ್ತ ಮಾಡಿದ್ದು ಮೋನೇ. ಭತ್ತಕ್ಕೆ ನೀರು ಹಿಡಿಸ್ಬೇಕು, ಅದಕ್ಕೆ ಪುಣಿ. ಮೆಣಸಿನ ಬೇರಿಗೆ ಉಸಿರಾಡ್ಲಿಕ್ಕೆ ಬೇಡ್ವಾ? ನಿನ್ನನ್ನು ಬಾವಿಯಲ್ಲಿ ಮುಳುಗಿಸಿಟ್ಟು, ನೀರು ಉಂಟಲ್ಲ ಕುಡಿ, ಹೇಳಿದ್ರೆ ಹೇಗೆ?"

ಮೋಕ್ಷಿತ್ ತಗ್ಗಿನ ತುದಿಗೆ ಹೋಗಿ, ತಾನೇ ಸವರಿ ನಯ ಮಾಡಿದ್ದ ಪುಣಿಗೆ ಹಾರೆ ಹಾಕಿದ. ಚೆನ್ನಾಗಿ ಕಟ್ಟಿದ್ದರಿಂದ ಒಡೆಯಲಿಕ್ಕೂ ಕಷ್ಟವಾಯಿತು. ಬಾಯಿ ಬಿಟ್ಟದ್ದೇ ನೀರು ಗುಳುಗುಳು ಹೊರಗೋಡಿತು.

ಸಂಜೆಗೆ ಮಣ್ಣು ಕಂಡಿತು. ಮೆಣಸಿನ ಗಿಡವೊಂದನ್ನು ಎತ್ತಿದ. ಎತ್ತಬೇಕಾಗಿಯೂ ಇರಲಿಲ್ಲ, ಕೈಗೇ ಬಂತು. ಬೇರು ಕಪ್ಪಗಾಗಿ ಲೋಳೆಯಾಗಿತ್ತು, ಕೊಳೆತ ವಾಸನೆ. ಟೊಮೆಟೊದ್ದೂ ಅದೇ ಕತೆ. ಬೆಂಡೆಯಲ್ಲಿ ಜೀವವಿದ್ದದ್ದು ಅಲ್ಲೊಂದು ಇಲ್ಲೊಂದು. ಎಲ್ಲಕ್ಕಿಂತ ಆಳದಲ್ಲಿ ನಿಂತಿದ್ದ ಬದನೆಯ ಕಡೆ ಹೋದ. ಎಲೆ ಜೋತಿತ್ತು. ಬುಡದ ಕಾಂಡದ ತುಂಬ ಬಿಳಿ ಬಿಳಿ ಗುಳ್ಳೆಗಳು, ಸುಟ್ಟ ಗಾಯದ ಮೇಲೆ ಏಳುವಂಥವು.

ರೋಗ. ಇದು ಬಸಳೆಗೂ ಹತ್ತಿದರೆ? ಮೋಕ್ಷಿತ್ ಯೋಚಿಸುತ್ತ ನಿಲ್ಲುವ ಜನವಲ್ಲ. ಒಂದು ಗಿಡ ಕಿತ್ತು ಎಸೆದ. ಇನ್ನೊಂದು ಕಿತ್ತು ಎಸೆದ. ಮೂರನೆಯದು ಬರಲಿಲ್ಲ. ಎರಡೂ ಕೈ ಹಾಕಿ ಎಳೆದರೂ ಬರಲಿಲ್ಲ.

"ಬಿಡು! ಬಿಡು ಅದನ್ನು!"

ಖೈರುನ್ನಿಸಾ ಗೋಡೆಯ ಮೇಲಿನಿಂದಲ್ಲ, ಗೇಟಿನಿಂದಲೇ ಬರುತ್ತಿದ್ದಳು. ಚಪ್ಪಲಿ ಕೆಸರಿನಲ್ಲಿ ಹೂತು, ಅದನ್ನು ಅಲ್ಲಿಯೇ ಬಿಟ್ಟು, ಬರಿಗಾಲಲ್ಲಿ ಬಂದಳು.

"ರೋಗ ಬಂದಿದೆ ಅಕ್ಕ, ನೋಡಿ ಇಲ್ಲಿ."

"ನಿನಗೆ ಬಂದದ್ದು ರೋಗ! ಕುತ್ಕೊ. ಕಣ್ಣು ಬಿಟ್ಟು ನೋಡು."

ಅವನು ಕುಕ್ಕರಗಾಲಲ್ಲಿ ಕೂತ. ಎಸೆದ ಗಿಡಗಳನ್ನು ಎತ್ತಿ ನೋಡಿದ. ಆಳದ ಹಳೇ ಬೇರು ಮೆಣಸಿನದ್ದರಂತೆಯೇ ಕಪ್ಪಾಗಿತ್ತು. ಆದರೆ ಅದಕ್ಕಿಂತ ಮೇಲೆ, ಮಣ್ಣಿನ ಮಟ್ಟದಲ್ಲೇ, ಕಾಂಡದಿಂದ ಹೊಸ ಬೇರುಗಳು ಸುತ್ತಲೂ ಒಡೆದಿದ್ದವು, ಬೆಳ್ಳಗೆ, ಶ್ಯಾವಿಗೆಯ ಎಳೆಗಳಂತೆ. ಅವು ಕೆಳಗಿಳಿದಿರಲಿಲ್ಲ. ಗಾಳಿ ಸಿಗುವ ಮೇಲ್ಮಣ್ಣಿನಲ್ಲೇ ಅಡ್ಡಕ್ಕೆ ಹರಡಿದ್ದವು. ಬಿಳಿ ಗುಳ್ಳೆ ಒಡೆದ ಜಾಗದಲ್ಲೂ ಬೇರಿನ ಮೊನೆ ಇಣುಕುತ್ತಿತ್ತು. ಕೆಳಗೆ ಉಸಿರು ಕಟ್ಟಿದ್ದಕ್ಕೆ ಗಿಡ ಮೇಲೆಯೇ ಬೇರೆ ಬಾಯಿ ಮಾಡಿಕೊಂಡಿತ್ತು.

ಮೋಕ್ಷಿತ್ ಗಿಡವನ್ನು ತಿರುಗಿಸಿ ತಿರುಗಿಸಿ ನೋಡಿದ. ಜೀವಮಾನದಲ್ಲಿ ಯಾವುದನ್ನೂ ಅವನು ಅಷ್ಟು ಹೊತ್ತು ನೋಡಿರಲಿಲ್ಲ.

"ಇದು ಬೇರೆ ಎಲ್ಲಿ ಉಂಟಕ್ಕ?"

"ಎಲ್ಲಿಯೂ ಇಲ್ಲ. ಅಡ್ಯಾರಿನ ಮನೆ ಮಾರಿ ಆಯ್ತು. ಇದ್ದ ಬೀಜ ಪೂರಾ ನಿನ್ನ ಡಬ್ಬಿಗೆ ಹಾಕಿದ್ದು."

"ಮೊದಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ನೆಡ್ತಿರ್ಲಿಲ್ಲ. ಜವಾಬ್ದಾರಿ ಅಂದ ಕೂಡ್ಲೇ ನಿನಗೆ ಸಿಟ್ಟು ಬರ್ತದೆ ಹೇಳಿ ಇಡೀ ಗಲ್ಲಿಗೆ ಗೊತ್ತುಂಟು."

ಅವನು ಇನ್ನೂ ನಾಲ್ಕು ಸಲ ಕೈ ಬೀಸಿದ್ದರೆ ಒಬ್ಬ ಹೆಂಗಸಿನ ತಾಯಿ ಬಿಟ್ಟುಹೋದದ್ದೆಲ್ಲ ಚರಂಡಿ ಸೇರುತ್ತಿತ್ತು. ಹಾಗೆ ಮಾಡಲು ಹೊರಟವನ ಎದುರು ಅವಳು ಕೆಸರಿನಲ್ಲಿ ಕೂತು, ಕಿತ್ತ ಗಿಡದ ಕಪ್ಪು ಬೇರನ್ನು ಉಗುರಿನಿಂದ ಚಿವುಟಿ ತೆಗೆಯುತ್ತಿದ್ದಳು. "ಎತ್ತರಕ್ಕೆ ಮಣ್ಣು ಮಾಡು, ಪುನಃ ನೆಡುವ," ಎಂದಳು, ಏನೂ ಆಗದವಳಂತೆ.

ಅವನು ಅಜ್ಜನಂತೆ ಕಟ್ಟಿದ್ದ ಪುಣಿಯನ್ನು ಪೂರಾ ಒಡೆದ. ಅದೇ ಮಣ್ಣಿನಿಂದ ದಿಣ್ಣೆಗಳನ್ನು ಏರಿಸಿದ, ನಡುವೆ ನೀರು ಹರಿಯಲು ಸಾಲು ಬಿಟ್ಟ. ಕಿತ್ತ ಎರಡು ಗಿಡಗಳಲ್ಲಿ ಒಂದು ಸತ್ತಿತು, ಒಂದು ಬದುಕಿತು. ಆ ಸತ್ತದ್ದನ್ನು ಅವನು ಬಹಳ ದಿನ ಕೀಳಲಿಲ್ಲ.

ಆಗಸ್ಟು ಕಳೆಯುವಷ್ಟರಲ್ಲಿ ಬದನೆ ಹೂ ಬಿಟ್ಟು, ಗೆರೆಗೆರೆಯ ಗಿಡ್ಡ ಕಾಯಿ ಜೋತುಬಿದ್ದವು. ಬಸಳೆ ಗೋಡೆ ಹತ್ತಿತು. ಕೆಸು ಕೊಡೆಯಷ್ಟಗಲ ಎಲೆ ಬಿಚ್ಚಿತು. ಸಾಲಿನ ಒದ್ದೆಯಲ್ಲಿ ತಿಮರೆ ಹಬ್ಬಿತು, ಘಟ್ಟದವರು ಒಂದೆಲಗ ಎನ್ನುವ ಸೊಪ್ಪು. ಆದರೆ ಅಳಿದುಳಿದ ಬೆಂಡೆ ಒಂದೂ ಕಾಯಿ ಕೊಡದೆ ಒಣಗಿತು.

ಬದನೆ, ಬಸಳೆ, ಕೆಸು, ತಿಮರೆ. ನಾಲ್ಕು. ಸಮ.

ಹಬ್ಬದ ಮುನ್ನಾದಿನ ಅವನು ಗೋಣಿ ಹೊತ್ತು ಆರ್ಥರ್ ಪೊರ್ಬುಗಳ ಅಂಗಳಕ್ಕೆ ಹೋದ. ದಾರಿಯಲ್ಲಿ ಅಂಗಡಿಯೊಂದರ ಮುಂದೆ ಬೆಂಡೆಯ ರಾಶಿ ಇತ್ತು. ಒಂದು ಹಿಡಿ ಸೇರಿಸಿದರೆ ಯಾರಿಗೂ ತಿಳಿಯದು. ನಿಂತ. ಕಾಂಡದ ಬಿಳಿ ಬೇರಿನ ಮುಂದೆ ಹಾಗೆ ಕೂತಿದ್ದವನಿಗೆ ಅಂಗಡಿಯ ಬೆಂಡೆಗೆ ಕೈ ಹಾಕಲು ಆಗಲಿಲ್ಲ. ನಡೆದ.

ಆರ್ಥರ್ ಎಣಿಸಿದರು. "ನಾಲ್ಕು."

"ನಾಲ್ಕೇ ಪೊರ್ಬುಲೇ. ಉಳಿದದ್ದು ಸತ್ತಿತು. ತಪ್ಪು ನನ್ನದೇ, ನಾನೇ ಪುಣಿ ಕಟ್ಟಿ ಮುಳುಗಿಸಿದ್ದು."

ಆರ್ಥರ್ ಅವನ ಮುಖ ನೋಡಿದರು. ಬೊಬ್ಬೆಗೆ ತಯಾರಾಗಿ ಕೂತಿದ್ದವರಿಗೆ ಇದು ಅನಿರೀಕ್ಷಿತವಾಗಿತ್ತು. ಒಳಗಿನಿಂದ ಬೆನಿಟಾ ಬಾಯಿ ಬಂದು ಗೋಣಿಯೊಳಗೆ ಕೈಯಾಡಿಸಿದರು.

"ಯಾರು ನಾಲ್ಕು ಹೇಳಿದ್ದು? ಕೆಸುವಿನ ಎಲೆ ಸುತ್ತಿ ಬೇಯಿಸಿದ್ರೆ ಪತ್ರೊಡೆ. ದಂಟಿಗೆ ಹುಳಿಗೆಂದು ಅಂಬಟೆಕಾಯಿ ಹಾಕಿ ಬೇರೆ ಪದಾರ್ಥ. ಐದು."

"ಒಂದೇ ಗಿಡ ಅಲ್ವಾ ಬೆನಿ? ಅದು ಹೇಗೆ ಎರಡು?"

"ನೀವು ತಿನ್ನುವಾಗ ಎಲೆಯನ್ನೂ ದಂಟನ್ನೂ ಒಂದೇ ಬಾಯಿಗೆ ಹಾಕ್ತೀರಾ? ನಿಮ್ಮ ಅಮ್ಮ ನನಗೆ ಕಲಿಸಿದ್ದೇ ಹಾಗೆ. ಬೇಕಾದ್ರೆ ಗೋರಿಯ ಹತ್ರ ಹೋಗಿ ಕೇಳಿ ಬನ್ನಿ."

ಆರ್ಥರ್ ಬದನೆಯೊಂದನ್ನು ಎತ್ತಿ ಮೂಸಿದರು, ಮುಳ್ಳು ಚುಚ್ಚಿಸಿಕೊಂಡು ಕೈ ಕೊಡವಿದರು. "ಎಂತದ್ದಾ ಇದು, ನಿನ್ನ ಹಾಗೆಯೇ ಉಂಟು." ಅದನ್ನು ಗೋಣಿಗೇ ವಾಪಸು ಹಾಕಿ, "ಮಣ್ಣು ತರುವ ಲಾರಿಯವನಿಗೆ ಬೇಡ ಹೇಳ್ತೇನೆ. ಟೊಮೆಟೊ ಮಾತ್ರ ಬೇಕು ಮಾರಾಯ ಮುಂದಿನ ವರ್ಷ, ಮೀನು ಸಾರಿಗೆ," ಎಂದರು.

"ಈ ಬದನೆಯ ಬುಡಕ್ಕೆ ಟೊಮೆಟೊ ಕಸಿ ಕಟ್ಟಿದ್ರೆ ನೀರು ತಡೀತದಂತೆ. ನೋಡ್ತೇನೆ."

ಹಬ್ಬದ ಮಧ್ಯಾಹ್ನ ಬೆನಿಟಾ ಬಾಯಿ ಅವನನ್ನು ಕೂರಿಸಿ ಬಡಿಸಿದರು, ಹೋಗುವಾಗ ಬುತ್ತಿಯೊಂದನ್ನು ಕೈಗಿತ್ತರು. ಅವನು ಅದನ್ನು ಖೈರುನ್ನಿಸಾಳ ಜಗಲಿಯಲ್ಲಿಟ್ಟು ನಿಂತ. ಬೈಗುಳಕ್ಕೆ ಒಮ್ಮೆಯೂ ತಡವರಿಸದ ನಾಲಿಗೆ ಒಂದು ಚಿಕ್ಕ ಮಾತಿಗೆ ತೊಡರಿತು.

"ಅಕ್ಕ, ಉಪಕಾರ ಆಯ್ತು. ತುಂಬ."

ಖೈರುನ್ನಿಸಾ ಬದನೆಯ ಹೋಳೊಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಬಹಳ ಹೊತ್ತು ಅಗಿದಳು. ತೆರೆದಾಗ ಕಣ್ಣು ಒದ್ದೆಯಾಗಿತ್ತು.

"ಉಪ್ಪು ಸ್ವಲ್ಪ ಕಮ್ಮಿ," ಎಂದಳು. "ಕುತ್ಕೊ ಮೋನೇ, ಚಾ ಇಡ್ತೇನೆ."

ಅವನು ಕೂತ.