ಎಂಬತ್ತಾರಾದ ನಲವತ್ತೊಂದು

ಜಹೀರಾಬಾದಿನ ಬೀಜ ಪರೀಕ್ಷಾ ಕೇಂದ್ರದ ಮಾಲೀಕ ಮನ್ಮಥಪ್ಪ ನಾರಾಯಣಖೇಡದ ತನಕ ಬಂದು ಮಂಗಲಾಳ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಾಗ ಆಕೆಯ ಹೊಟ್ಟೆ ತಣ್ಣಗಾಯಿತು. ಪೂರ್ತಿ ಅಲ್ಲ, ಅರ್ಧ. ಉಳಿದರ್ಧಕ್ಕೆ ಇನ್ನೂ ಕೆಲಸವಿತ್ತು.

ಜೂನ್ ಕೊನೆಗೆ ಇದೇ ಮನುಷ್ಯ ಆಕೆಯನ್ನು ಎಲ್ಲರೆದುರು ಕೆಲಸದಿಂದ ಕಿತ್ತುಹಾಕಿದ್ದ. ಕಾರಣ, ತಾಂಡೂರಿನಿಂದ ಬಂದ ತೊಗರಿ ಬೀಜ. ನೂರು ಕಾಳನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟರೆ ಮೊಳೆತದ್ದು ನಲವತ್ತೊಂದು. ಮಂಗಲಾ ಕಂಪ್ಯೂಟರಿನಲ್ಲಿ ನಲವತ್ತೊಂದೇ ಬರೆದಳು. ಬೀಜದ ಚೀಲಕ್ಕೆ ಹಚ್ಚಿದ ಚೀಟಿಯಲ್ಲಿ ಎಂಬತ್ತಾರು ಅಂತ ಬಂತು, ಕೆಳಗೆ ಪರೀಕ್ಷಿಸಿದವಳೆಂದು ಆಕೆಯ ಹೆಸರು. ಮನೂರಿನ ರೈತರು ನಂಬಿ ಬಿತ್ತಿದರು, ಹೊಲ ಬೋಳಾಗಿಯೇ ಉಳಿಯಿತು. ಆ ಊರಿನ ಬಂಡಮ್ಮ ಮೊಳೆಯದ ಕಾಳನ್ನು ಮುಷ್ಟಿಯಲ್ಲಿ ತಂದು ಮಂಗಲಾಳ ಅಂಗಳದಲ್ಲಿ ಚೆಲ್ಲಿ, ಓಣಿಯೆಲ್ಲ ಕೇಳುವಂತೆ ಬೈದು ಹೋದಳು. ಮನ್ಮಥಪ್ಪನೋ, ಎಲ್ಲ ಈ ಹುಡುಗಿಯ ಅಲಕ್ಷ್ಯ ಎಂದು ಕೈತೊಳೆದುಕೊಂಡ. ಅಂದಿನಿಂದ ಸಂತೆಗೆ ಹೋದರೂ ಆಕೆಯ ಬೆನ್ನ ಹಿಂದೆ ಗುಸುಗುಸು.

ಈಗ ಸಿಡಿಲಿಗೆ ಕೇಂದ್ರದ ಕಂಪ್ಯೂಟರ್ ಸುಟ್ಟುಹೋಗಿತ್ತು. ಪರವಾನಗಿ ನವೀಕರಣಕ್ಕೆಂದು ಸೋಮವಾರ ಅಧಿಕಾರಿ ಬಂದು ಮುಂಗಾರಿನ ದಾಖಲೆ ನೋಡುವವರಿದ್ದರು. ಉಳಿದದ್ದು ಮಂಗಲಾ ಪ್ರತಿ ಶನಿವಾರ ತಪ್ಪದೆ ಬ್ಯಾಕಪ್ ತೆಗೆಯುತ್ತಿದ್ದ ಡಿಸ್ಕು ಒಂದೇ. ತಾಂಡೂರಿನ ರಿಪೇರಿಯವನು ಹೊಸ ಮಷೀನು ಮಾರಿದ, ಹಳೆಯದು ಓಡುತ್ತಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್ ಮೇಲೆ ಎಂದು ತಿಳಿದ ಕೂಡಲೇ ತನಗೆ ಬಾರದೆಂದು ಕೈಯೆತ್ತಿದ.

“ಆದದ್ದು ಆತು, ಮಂಗಲಾ. ಎಲ್ಲಾ ಇದ್ದಂಗ ತಂದ್ಕೊಡು,” ಎಂದ ಮನ್ಮಥಪ್ಪ.

“ಇದ್ದಂಗ ತರ್ತೀನ್ರಿ,” ಎಂದಳು ಮಂಗಲಾ.

ಪರದೆಯ ಮೇಲೆ ಕಂಡದ್ದಷ್ಟೇ ದಾಖಲೆ ಎಂದು ಪಾಪ ಆತ ತಿಳಿದಿದ್ದ. ಪ್ರತಿ ಅಂಕಿಯ ಹಿಂದೆ ಅದನ್ನು ಯಾರು ಬರೆದರು, ಯಾರು ತಿದ್ದಿದರು, ಯಾರು ತೆರೆದು ನೋಡಿದರು ಎಂಬುದನ್ನೆಲ್ಲ ಕಂಪ್ಯೂಟರ್ ಬರೆದಿಡುತ್ತದೆಂದು ಆಕೆಗೆ ಮಾತ್ರ ಗೊತ್ತಿತ್ತು. ಅಂದೇ ಬಂಡಮ್ಮನಿಗೆ ಫೋನು ಮಾಡಿ, ಸೋಮವಾರ ಜಹೀರಾಬಾದಿಗೆ ಬಾ, ನಿನ್ನ ಹೊಲ ಕೆಡಿಸಿದವನ ಹೆಸರು ಕಿವಿಯಾರೆ ಕೇಳು ಎಂದಳು.

ಸೋಮವಾರ ಬೆಳಿಗ್ಗೆ ಕೇಂದ್ರದಲ್ಲಿ ಕುಳಿತು ಪೆನ್‌ಡ್ರೈವಿನಿಂದ ಹೊಸ ಮಷೀನು ಎಬ್ಬಿಸಿ ಬ್ಯಾಕಪ್ಪನ್ನು ಅದರೊಳಗೆ ಬಿಚ್ಚಿದಳು. ಮರುಚಾಲನೆ ಮಾಡಿದರೆ ಕಪ್ಪು ಪರದೆ. ಸಿಸ್ಟಮ್ಮು ಸುಟ್ಟ ಕಂಪ್ಯೂಟರಿನ ಡಿಸ್ಕನ್ನೇ ಹುಡುಕುತ್ತಿತ್ತು. ಅದರ ಗುರುತಿನ ಸಂಖ್ಯೆ ಅಳಿಸಿ ಹೊಸದರದ್ದು ಬರೆದಳು. ಆಗಲೂ ಏಳಲಿಲ್ಲ. ಹೊಸ ಬಗೆಯ ಡಿಸ್ಕಿಗೆ ಬೇಕಾದ ಡ್ರೈವರ್ ತಂತ್ರಾಂಶ ಸೇರಿಸಿ, ಮಷೀನು ಏಳುವಾಗ ಮೊದಲು ಲೋಡಾಗುವ ಕಡತವನ್ನು ಮತ್ತೆ ಕಟ್ಟಿದಳು. ಮೂರನೆಯ ಸಲಕ್ಕೆ ಹಳೆಯ ಪರದೆ ಇದ್ದಂತೆಯೇ ಬಂತು. ಮಂಗಲಾ ಹಲ್ಲು ಕಚ್ಚಿ ನಕ್ಕಳು.

ತೊಗರಿಯ ದಾಖಲೆ ತೆರೆದಳು. ಗುರುವಾರ, ನಲವತ್ತೊಂದು, ಮಂಗಲಾ. ಶುಕ್ರವಾರ, ಎಂಬತ್ತಾರು, ಮನ್ಮಥಪ್ಪ. ಅದರ ಕೆಳಗೆ ಇನ್ನೊಂದು ಸಾಲು: ಶನಿವಾರ, ತೆರೆದು ನೋಡಿದವರು, ಮಂಗಲಾ.

ಆಕೆ ಮರೆತಿದ್ದಳೆಂದಲ್ಲ, ಮರೆತಂತೆ ಬದುಕಲು ಕಲಿತಿದ್ದಳು. ಆ ಶನಿವಾರ ಹೊರಗೆ ಟೆಂಪೋಗೆ ಮನೂರಿಗೆ ಹೋಗುವ ಬೀಜದ ಚೀಲಗಳು ಏರುತ್ತಿದ್ದವು. ಎಂಬತ್ತಾರು ನೋಡಿ, ಮುಚ್ಚಿ, ಬ್ಯಾಕಪ್ ತೆಗೆಯಲು ಕುಳಿತಿದ್ದಳು. ಈಗ ಆ ಸಾಲು ಅಳಿಸಲು ಒಂದು ನಿಮಿಷ ಸಾಕಿತ್ತು. ಆದರೆ ಸಾಲುಗಳಿಗೆಲ್ಲ ಕ್ರಮಸಂಖ್ಯೆ ಇತ್ತು. ಒಂದು ತಪ್ಪಿದರೂ ಈಕೆಯೇ ಎಲ್ಲ ತಿದ್ದಿದ್ದಾಳೆಂದು ಮನ್ಮಥಪ್ಪ ಬಾಯಿ ಬಡಿದುಕೊಳ್ಳುತ್ತಾನೆ, ಆತನ ಸಾಲೂ ಸುಳ್ಳಾಗುತ್ತದೆ. ಆಕೆ ಕೀಲಿಮಣೆಯಿಂದ ಬೆರಳು ತೆಗೆದಳು.

ಅಧಿಕಾರಿ ಬಂದರು, ಚಹಾ ಬಂತು. ಬಂಡಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತಳು. ಮಂಗಲಾ ಮೊದಲೆರಡು ಸಾಲು ಗಟ್ಟಿಯಾಗಿ ಓದಿದಳು. ಮನ್ಮಥಪ್ಪನ ಮುಖ ಬೂದಿಯಾಯಿತು. ಬಗ್ಗಿ, ನಿನ್ನ ನೌಕರಿ ನಿನಗೇ, ಇಲ್ಲಿಗೇ ನಿಲ್ಲಿಸು ಎಂದು ಪಿಸುಗುಟ್ಟಿದ. ಆಕೆ ತಿರುಗಲಿಲ್ಲ. ಆಗ ಆತನ ಕಣ್ಣು ಮೂರನೆಯ ಸಾಲಿಗೆ ಬಿತ್ತು.

“ಶನಿವಾರದ್ದೂ ಓದಸ್ರಿ ಸಾಹೇಬ್ರ. ಈಕಿಗೂ ಎಲ್ಲಾ ಗೊತ್ತಿತ್ತು,” ಎಂದ.

ಮಂಗಲಾ ಅಧಿಕಾರಿಯನ್ನೇ ನೋಡುತ್ತ ಹೇಳಿದಳು: “ಹೌದ್ರಿ, ಗೊತ್ತಿತ್ತು. ಚೀಲ ಏರಸೋದೂ ನೋಡೀನಿ. ನೌಕರಿ ಹೋದೀತಂತ ಬಾಯಿ ಮುಚ್ಕೊಂಡು ಕುಂತೆ. ನನ್ನ ಹೆಸರೂ ಬರ್ಕೋರಿ. ಮೊದಲ ಅವರದ್ದು ಬರ್ಕೋರಿ.”

ಅಧಿಕಾರಿ ಪೆನ್ನು ತೆಗೆದರು. ಬಂಡಮ್ಮ ಎದ್ದು ಬಂದು ಅವರ ಬೆನ್ನ ಹಿಂದೆ ನಿಂತಳು. ಆಕೆಗೆ ಓದಲು ಬಾರದು.

“ಎರಡೂ ಹೆಸರು ಬರದ್ರೇನ್ರಿ?” ಎಂದು ಕೇಳಿದಳು.

ಬರೆದೆ ಎಂದರು ಅಧಿಕಾರಿ. ಮಂಗಲಾ ಮನ್ಮಥಪ್ಪನ ಮುಖವನ್ನು ಕಣ್ತುಂಬ ನೋಡಿದಳು. ಬಂಡಮ್ಮನ ಕಡೆ ತಿರುಗುವ ಧೈರ್ಯ ಮಾತ್ರ ಆಕೆಗೆ ಬರಲಿಲ್ಲ.